ತೊಳೆದೂ ತೊಳೆದೂ

ಮಾರ್ಚ್ 3, ಸೋಮವಾರ

ಬೆಳಗ್ಗೆ 8.40ಕ್ಕೆ ಕ್ಲಿನಿಕ್ ತೆರೆದೆ. ಇಕ್ಕಳ, ಕೊಕ್ಕೆ, ಕನ್ನಡಿ ಎಲ್ಲ ಆಟೋಕ್ಲೇವ್‌ಗೆ — ಜೊತೆಗೆ ಮೀನಿನ ಬಟ್ಟಲಿನ ಕಲ್ಲುಗಳೂ. ಕಾದ ಹಬೆಯಲ್ಲಿ ಇಪ್ಪತ್ತು ನಿಮಿಷ. ನೀರು ಪೂರ್ತಿ ಚೆಲ್ಲಿ ನಲ್ಲಿಯಿಂದ ಹೊಸದು ತುಂಬಿದೆ. ಗಾಜು ಉಜ್ಜಿದೆ. ಕೌಂಟರಿನ ಮೇಲೆ ಫಳಫಳ. ಹಲ್ಲಿನ ಡಾಕ್ಟರ ಹತ್ತಿರ ಪಾಚಿ ಕಂಡರೆ ಯಾರು ಬಾಯಿ ತೆರೆಯುತ್ತಾರೆ?

ಮೀನು ಮಾತ್ರ ಸರಿಯಿಲ್ಲ. ಬೆಟ್ಟಾ ಮೀನು, ಕಡುನೀಲಿ. ಪರದೆಯ ಹಾಗೆ ಹರಡಿಕೊಂಡಿರುತ್ತಿದ್ದ ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡು ತಳದಲ್ಲಿ ಬಿದ್ದಿದೆ. ಎರಡು ಕಾಳು ಹಾಕಿದರೆ ಎರಡನ್ನೂ ಉಗುಳಿತು.

ಹತ್ತಕ್ಕೆ ಒಂದು ಮಗು ಬಾಯಿ ಬಿಗಿಹಿಡಿದು ಕೂತಿತು. ಡಾಕ್ಟರು ಮಾಮೂಲಿನಂತೆ ಹಲ್ಲು ನೋಡುವ ಪುಟ್ಟ ಕನ್ನಡಿಯನ್ನು ಜೇಬಿನಿಂದ ತೆಗೆದು ಬಟ್ಟಲಿಗೆ ಹಿಡಿದರು. "ನೋಡು ಪುಟ್ಟಾ, ಮೀನೂ ಬಾಯಿ ಬಿಡುತ್ತೆ!" ಕನ್ನಡಿಯಲ್ಲಿ ಕಂಡದ್ದು ವೈರಿಯೆಂದು ಅದು ಕಿವಿರು ಅಗಲಿಸಿ ನುಗ್ಗುತ್ತದೆ, ಮಗು ನಗುತ್ತದೆ, ಇವರ ಕೆಲಸ ಆಗುತ್ತದೆ. ದಿನಕ್ಕೆ ಹತ್ತು ಸಲ ಈ ನಾಟಕ. ಇವತ್ತು ಮೀನು ಅರ್ಧಕ್ಕೆ ಬಂದು ಹಾಗೇ ಕೆಳಗಿಳಿಯಿತು.

"ಏನ್ ಸಿಸ್ಟರ್, ಬ್ಯಾಟರಿ ಡೌನಾ?" ಎಂದರು ಡಾಕ್ಟರು.

ಮೈಯೆಲ್ಲ ಉರಿಯಿತು. ಇಕ್ಕಳ ಜೋಡಿಸುತ್ತಾ ನಿಂತೆ. ಪೇಷಂಟ್ ಇದ್ದರು.

ಮಾರ್ಚ್ 4, ಮಂಗಳವಾರ

ಬಾಲದ ಅಂಚು ಕಪ್ಪಗಾಗಿದೆ. ಯಾರೋ ಕಡಿದ ಹಾಗೆ ಹರಿದಿದೆ.

ದೊಡ್ಡಮ್ಮ ನೆಲ ಒರೆಸುತ್ತಿದ್ದರು — ಕ್ಲಿನಿಕ್ ಗುಡಿಸಿ ಒರೆಸುವವರು, ಎಲ್ಲರಿಗೂ ದೊಡ್ಡಮ್ಮನೇ. ಫಿನಾಯಿಲ್ ಬಕೆಟ್ ಕೌಂಟರಿನ ಪಕ್ಕದಲ್ಲೇ ಇತ್ತು. ಗೊತ್ತಾಗಿಹೋಯಿತು. ಕೂಗಾಡಿಬಿಟ್ಟೆ. "ಕಣ್ಣು ಕಾಣಲ್ವಾ ನಿನಗೆ? ಫಿನಾಯಿಲ್ ಸಿಡಿಸಿ ಸಿಡಿಸಿ ಮೀನು ಸಾಯಿಸ್ತಾ ಇದೀಯ!" ಬೆಂಚಿನ ತುಂಬ ಜನ.

ದೊಡ್ಡಮ್ಮ ಒರೆಸುವ ಬಟ್ಟೆ ಹಿಂಡಿದರು. "ಹೋದ ವಾರವೇ ಹೇಳ್ದೆನಲ್ಲ ತಾಯಿ, ಹಳೇ ನೀರು ಸ್ವಲ್ಪ ಬಿಡು ಅಂತ. ಪೂರ್ತಿ ಚೆಲ್ಲಿದ್ರೆ ಅದಕ್ಕೆ ದಿನಾ ಪರಸ್ಥಳ ಆಗುತ್ತೆ."

"ಇದು ಕ್ಲಿನಿಕ್ಕು, ಕೆರೆಯಲ್ಲ!"

ನನಗೇ ಪಾಠ ಹೇಳುವುದು! ಹದಿನಾಲ್ಕು ವರ್ಷದಿಂದ ಸ್ಟೆರಿಲೈಸ್ ಮಾಡುತ್ತಿದ್ದೇನೆ. ಒಂದು ದಿನವೂ ಒಬ್ಬ ಪೇಷಂಟಿಗೂ ನಂಜಾಗಿಲ್ಲ.

ಮಾರ್ಚ್ 6, ಗುರುವಾರ. ಸಂಜೆ

ದೊಡ್ಡಮ್ಮ ಎರಡು ದಿನದಿಂದ ಬಂದಿಲ್ಲ. ನೆಲ ನಾನೇ ಒರೆಸಿದೆ. ಸಿಟ್ಟಿನಲ್ಲೇ.

ಮೀನು ಒಂದು ಪಕ್ಕಕ್ಕೆ ವಾಲಿದೆ. ಡಾಕ್ಟರಿಗೆ ತೋರಿಸಿದೆ. "ಸತ್ರೆ ಇನ್ನೊಂದು ತರೋಣ ಬಿಡಿ. ಇದೇ ನೀಲಿ. ಮಕ್ಕಳಿಗೇನು ಗೊತ್ತಾಗುತ್ತೆ?"

ಹಲ್ಲೇನು, ಕಿತ್ತು ಇನ್ನೊಂದು ಕಟ್ಟುವುದಕ್ಕೆ? ಬಟ್ಟಲು ಎತ್ತಿಕೊಂಡು ಹೊರಟುಬಿಟ್ಟೆ. ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡೆ. ಅರ್ಧ ನೀರು ಬಟ್ಟೆಗೆ.

ಮನೆಯಲ್ಲಿ ನಮ್ಮವರು ನೋಡಿ, "ನನಗೆ ಜ್ವರ ಬಂದಾಗ ಹೀಗೆ ಮಡಿಲಲ್ಲಿ ಇಟ್ಕೊಂಡಿರ್ಲಿಲ್ಲ" ಎಂದರು.

"ನೀವು ಇಷ್ಟು ಸುಮ್ಮನೆ ಇರ್ತಿರಲಿಲ್ಲ" ಎಂದೆ.

ಮಾರ್ಚ್ 7, ಶುಕ್ರವಾರ

ಮೀನಿನ ಅಂಗಡಿಗೆ ಜಗಳಕ್ಕೆಂದೇ ಹೋದೆ. ರೋಗದ ಮೀನು ಮಾರಿದ್ದಾನೆ, ಬಿಡುವುದಿಲ್ಲ ಅಂತ. ಅಂಗಡಿಯವನು ಬಾಲದ ಫೋಟೋ ನೋಡಿದ. ನೀರು ಯಾವಾಗ ಬದಲಾಯಿಸ್ತೀರಿ ಎಂದ.

"ದಿನಾ. ಪೂರ್ತಿ. ಕಲ್ಲನ್ನೂ ಆಟೋಕ್ಲೇವ್ ಮಾಡ್ತೀನಿ." ಹೆಮ್ಮೆಯಿಂದಲೇ ಹೇಳಿದೆ. ಥೂ.

ಅವನು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. "ನಲ್ಲಿ ನೀರಿನ ಕ್ಲೋರಿನ್ ತೆಗೆದಿದ್ದೀರಾ? ಎಸಿ ಇರೋ ರೂಮಾ? ಹೀಟರ್ ಇದೆಯಾ? ಮೇಡಂ, ಮೀನಿನ ಗಲೀಜು ತಿನ್ನೋ ಒಳ್ಳೇ ಕ್ರಿಮಿ ಆ ಕಲ್ಲಲ್ಲೇ ಬೆಳೆಯೋದು. ಅದನ್ನ ನೀವು ದಿನಾ ಬೇಯಿಸ್ತಿದ್ದೀರಿ. ಇಷ್ಟು ದಿನ ಬದುಕಿದ್ದೇ ಹೆಚ್ಚು."

ಕನ್ನಡಿ ಆಟವೂ ಅದಕ್ಕೆ ಒಳ್ಳೆಯದಲ್ಲವಂತೆ. ಆದರೆ ಬಾಲ ಕೊಳೆತದ್ದು ಮೊದಲು ನೀರಿನಿಂದ. ನೀರು ನನ್ನದು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲ ಒರೆಸುವವರನ್ನೇ ಅಂದೆ.

ಮಾರ್ಚ್ 9, ಭಾನುವಾರ

ಇಪ್ಪತ್ತು ಲೀಟರಿನ ತೊಟ್ಟಿ. ಹೀಟರ್, ಇಪ್ಪತ್ತಾರು ಡಿಗ್ರಿ. ಕ್ಲೋರಿನ್ ತೆಗೆಯುವ ಹನಿ. ಮೂರು ಕಡೆ ಟವೆಲ್ ಕಟ್ಟಿದ್ದೇನೆ, ಗಾಜಿನಲ್ಲಿ ತನ್ನ ಮುಖ ತಾನೇ ನೋಡಿ ರೇಗಬಾರದು. ಅಂಗಡಿಯವನು ತನ್ನ ತೊಟ್ಟಿಯ ಹಳೇ ಸ್ಪಂಜು ಕೊಟ್ಟ. ಕಂದು ಬಣ್ಣ, ಲೋಳೆ. "ಜೀವ ಇರೋದೇ ಇದರಲ್ಲಿ. ದಯವಿಟ್ಟು ತೊಳೀಬೇಡಿ."

ತೊಳೆದಿಲ್ಲ. ಕೈ ಕಡಿಯುತ್ತಿದೆ. ಅಡುಗೆಮನೆ ಸಿಂಕನ್ನು ಮೂರು ಸಲ ತಿಕ್ಕಿದೆ.

ಮಾರ್ಚ್ 11, ಮಂಗಳವಾರ

ದೊಡ್ಡಮ್ಮನ ಮನೆಗೆ ಹೋದೆ. ಹಣ್ಣು ತೆಗೆದುಕೊಂಡು, ದೊಡ್ಡ ಮನುಷ್ಯಳ ಹಾಗೆ. ತಪ್ಪಾಯಿತು ಎಂದೆ. ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು.

"ನನ್ನ ವಯಸ್ಸೇನು, ನಿನ್ನ ವಯಸ್ಸೇನು. ಎಲ್ಲರ ಮುಂದೆ ಏಕವಚನದಲ್ಲಿ ಬೈದೆ. ಈಗ ಗುಟ್ಟಾಗಿ ಬಂದು ಹಣ್ಣು ಕೊಡ್ತೀಯಾ?"

ಬಾಗಿಲು ಹಾಕಿದರು. ಹಣ್ಣು ನನ್ನ ಕೈಯಲ್ಲೇ ಉಳಿಯಿತು.

ಎಷ್ಟು ಕೋಪ ಬಂತು! ದಾರಿಯುದ್ದಕ್ಕೂ ಬೈದುಕೊಂಡು ಬಂದೆ, ಅವರನ್ನೇ. ಇಷ್ಟು ದೂರ ಬಂದವಳಿಗೆ ಇದಾ ಮರ್ಯಾದೆ ಅಂತ. ಮನೆ ಮುಟ್ಟುವ ಹೊತ್ತಿಗೆ ಬೈಯಲು ಅವರಲ್ಲಿ ಏನೂ ಸಿಗಲಿಲ್ಲ.

ಮಾರ್ಚ್ 16, ಭಾನುವಾರ

ಬರೆಯಲು ಮನಸ್ಸಾಗಿರಲಿಲ್ಲ.

ಮೀನು ಒಂದು ಕಾಳು ತಿಂದಿತು. ಉಗುಳಲಿಲ್ಲ. ಕಪ್ಪು ಅಂಚು ಮುಂದಕ್ಕೆ ಹರಡಿಲ್ಲ. ದಿನ ಬಿಟ್ಟು ದಿನ ಕಾಲು ಭಾಗ ನೀರು ಮಾತ್ರ ಬದಲಾವಣೆ. ಮಿಕ್ಕ ಹೊತ್ತು ಕೈ ಕಟ್ಟಿ ಕೂರಬೇಕು. ಇಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ.

ಮಾರ್ಚ್ 20, ಗುರುವಾರ

ದೊಡ್ಡಮ್ಮ ಕ್ಲಿನಿಕ್ಕಿನ ಕೀಲಿಕೈ ವಾಪಸ್ ಕೊಡಲು ಬಂದರು. ಕೌಂಟರಿನ ಮೇಲಿಟ್ಟು ತಿರುಗಿದರು. ಬೆಂಚಿನಲ್ಲಿ ಆರು ಜನ, ಒಬ್ಬರ ಕೆನ್ನೆಯಲ್ಲಿ ಹತ್ತಿ.

ಎದ್ದು ನಿಂತೆ. "ಒಂದು ನಿಮಿಷ ಎಲ್ಲರೂ ಕೇಳಿ. ಇವತ್ತಿಗೆ ಹದಿನಾರು ದಿನದ ಹಿಂದೆ ಮೀನು ಕಾಯಿಲೆ ಬಿದ್ದಿದ್ದು ಇವರಿಂದ ಅಂತ ಇದೇ ಜಾಗದಲ್ಲಿ ಕೂಗಾಡಿದೆ. ಸುಳ್ಳು. ನೀರು ಕೆಡಿಸಿದ್ದು ನಾನು. ಸರಿಯಾದ ಮಾತು ಹೇಳಿದ್ದು ಇವರೊಬ್ಬರೇ. ದೊಡ್ಡಮ್ಮಾ, ನನ್ನದು ತಪ್ಪಾಯ್ತು. ನೀವು ಕ್ಷಮಿಸಬೇಕು."

ಹತ್ತಿಯವರು ತಲೆಯಾಡಿಸಿದರು. ಯಾಕೋ!

ಡಾಕ್ಟರು ಹೊರಗೆ ಬಂದರು. "ಇದೆಲ್ಲಾ ಪೇಷಂಟ್ ಮುಂದೆ ಬೇಕಿತ್ತಾ ಸಿಸ್ಟರ್?"

"ಬೈದಿದ್ದು ಪೇಷಂಟ್ ಮುಂದೇನೇ ಸರ್."

ದೊಡ್ಡಮ್ಮ ಕೀಲಿಕೈ ತೆಗೆದು ಮತ್ತೆ ಚೀಲಕ್ಕೆ ಹಾಕಿಕೊಂಡರು. ನನ್ನ ಕಡೆ ನೋಡಲಿಲ್ಲ. "ಬಕೆಟ್ ಎಲ್ಲಿಟ್ಟಿದೀರಿ? ಮೂಲೆಯೆಲ್ಲಾ ಧೂಳು" ಎಂದರು.

ಮಾರ್ಚ್ 28, ಶುಕ್ರವಾರ

ಸೋಮವಾರ ಶಾಲೆಯಿಂದ ನಲವತ್ತು ಮಕ್ಕಳು ಬರುತ್ತಾರಂತೆ, ಹಲ್ಲಿನ ತಪಾಸಣೆಗೆ.

"ಮೀನು ಕೌಂಟರ್ ಮೇಲಿರಬೇಕು ಸಿಸ್ಟರ್."

"ಅದಿನ್ನೂ ಚೇತರಿಸ್ಕೊಳ್ತಾ ಇದೆ ಸರ್. ನಲವತ್ತು ಸಲ ಕನ್ನಡಿ ತೋರಿಸಿದ್ರೆ ಸತ್ತೇ ಹೋಗುತ್ತೆ."

"ಮೀನು ಕ್ಲಿನಿಕ್‌ದು. ತರದಿದ್ರೆ ನೀವೂ ಬರಬೇಡಿ."

ಹದಿನಾಲ್ಕು ವರ್ಷ! ಇವರ ಒಂದೊಂದು ಇಕ್ಕಳದ ಹಲ್ಲೂ ನನಗೆ ಗೊತ್ತು. ಒಂದು ಮಗುವಿನ ಬಾಯಿ ಪ್ರೀತಿಯಿಂದ ತೆರೆಸಲು ಬಾರದೆ ಬೆರಳುದ್ದದ ಮೀನನ್ನು ಹೆದರಿಸುವ ಗಂಡಸು ನನಗೆ ಹೇಳುತ್ತಾನೆ, ಬರಬೇಡಿ ಅಂತ! ಬರೆಯುವಾಗಲೂ ಪೆನ್ನು ಹಾಳೆ ಹರಿಯುತ್ತಿದೆ.

ಮಾರ್ಚ್ 30, ಭಾನುವಾರ. ಬೆಳಗ್ಗೆ 11

ದೊಡ್ಡಮ್ಮ ಬಂದಿದ್ದಾರೆ, ಮೀನು ನೋಡಲು. ನಾನು ಕರೆದಿರಲಿಲ್ಲ, ಧೈರ್ಯವಿರಲಿಲ್ಲ. ಒಳಗೆ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡಿದ್ದಾರೆ. ಮರೆಯುವ ಮೊದಲು ಬರೆದುಬಿಡುತ್ತೇನೆ.

ಬಾಲದ ತುದಿಯಲ್ಲಿ ಗಾಜಿನಷ್ಟು ತೆಳುವಾದ ಹೊಸ ಅಂಚು. ತೋರಿಸುತ್ತಿದ್ದೆ. ಆಗ ಕಂಡಿತು — ನೀರಿನ ಮೇಲೆ, ಮೂಲೆಯಲ್ಲಿ, ನೊರೆ. ಬೆಳ್ಳಗೆ, ಜಿಡ್ಡು ಜಿಡ್ಡು. ಅಯ್ಯೋ ಗಲೀಜು! ಕೈ ತಾನಾಗಿ ಚಮಚಕ್ಕೆ ಹೋಯಿತು.

ದೊಡ್ಡಮ್ಮ ಮಣಿಕಟ್ಟು ಹಿಡಿದರು. "ತಡಿ ತಾಯಿ. ಅದು ಎಲ್ಲಿಂದ ಬಂತು ಅಂತ ನೋಡು ಮೊದಲು."

ಮೀನು ಮೇಲೆ ಬಂತು. ಗಾಳಿ ಗುಟುಕರಿಸಿತು. ನೊರೆಯ ಕೆಳಗೆ ಹೋಗಿ ಒಂದು ಗುಳ್ಳೆ ಬಿಟ್ಟಿತು. ಮತ್ತೆ ಮೇಲೆ. ಮತ್ತೊಂದು ಗುಳ್ಳೆ. ಮೊಟ್ಟೆ, ಮರಿ ಕಾಯಲು ಗಂಡು ಬೆಟ್ಟಾ ಕಟ್ಟುವ ಗೂಡು. ತಾನೊಂದೇ ಇದ್ದರೂ ಕಟ್ಟುತ್ತಿದೆ.

ಅತ್ತುಬಿಟ್ಟೆ. ದೊಡ್ಡಮ್ಮ ಕೈ ಬಿಡಲಿಲ್ಲ.

ಅಷ್ಟರಲ್ಲಿ ಡಾಕ್ಟರ ಫೋನು. ನಾಳೆ ಎಂಟಕ್ಕೇ ಮೀನಿನ ಜೊತೆ ಬನ್ನಿ ಎಂದರು.

"ಮೀನು ಬರಲ್ಲ ಸರ್. ಮನೆ ಕಟ್ತಾ ಇದೆ. ನಾನು ಬರ್ತೀನಿ. ಬೇಡ ಅನ್ನೋದಾದ್ರೆ ಅದನ್ನ ನಾಳೆ ಎಲ್ಲರ ಮುಂದೆ ಹೇಳಿ."

ನಾನೇ ಫೋನು ಇಟ್ಟೆ.

ಚಮಚ ಇನ್ನೂ ಇಲ್ಲೇ, ಪುಸ್ತಕದ ಪಕ್ಕದಲ್ಲಿದೆ. ದೊಡ್ಡಮ್ಮ ಕರೆಯುತ್ತಿದ್ದಾರೆ, ಬೇಗ ಬಾ, ಬರೆದಿದ್ದು ಸಾಕು, ಇಲ್ಲಿ ನೋಡು ಇದು ಈಗ ರೆಕ್ಕೆ ಹರಡಿ—