ಬಟ್ಟಲು ಮುಳುಗುವ ತನಕ

ಎರಡು ಸಾವಿರದ ಮುನ್ನೂರ ಹನ್ನೊಂದನೆಯ ಇಸವಿ, ಜೂನ್ ಮೂವತ್ತೊಂದು
ಹಿನ್ನೀರ ಬಯಲು, ಮಂಜು ಕರಗುವ ಹೊತ್ತು

ನಮಗಿಂತ ಮೊದಲು ಚೆಂಡು ಒದ್ದು, ಓಡಿ, ಬಿದ್ದು, ಎದ್ದವರೆಲ್ಲರಿಗೂ ನೀಲವ್ವನ ಶರಣು.

ಮೇಲಿನ ತಾರೀಕು ನೋಡಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಕ್ಯಾಲೆಂಡರಿನ ಜೂನಿಗೆ ಮೂವತ್ತೇ ದಿನಗಳಿದ್ದವು ಎಂದು ಓದಿ ಬಲ್ಲೆ. ಮಳೆ ವರ್ಷದಿಂದ ವರ್ಷಕ್ಕೆ ತಡವಾಗತೊಡಗಿದಾಗ, ಅದು ಜೂನಿನಲ್ಲೇ ಬಂತೆಂದು ಹೇಳಿಕೊಳ್ಳುವ ಆಸೆಗೆ ನಮ್ಮ ಹಿರಿಯರು ಆ ತಿಂಗಳಿಗೆ ಇನ್ನೊಂದು ದಿನ ಸೇರಿಸಿಕೊಂಡರು. ಮಳೆ ಅದಕ್ಕೂ ಸೊಪ್ಪು ಹಾಕಲಿಲ್ಲ ಅನ್ನಿ. ನನ್ನ ಕನ್ನಡದಲ್ಲಿಯೂ ನಿಮಗೆ ಗುರುತು ಹತ್ತದ ಮಾತುಗಳು ಬರಬಹುದು, ಕ್ಷಮಿಸಿ. ಇನ್ನೂರು ಮುನ್ನೂರು ವರ್ಷ ಜನರ ಬಾಯಲ್ಲಿ ಹೊರಳಾಡಿದ ಭಾಷೆ ಇದ್ದ ಹಾಗೆಯೇ ಇರುವುದಿಲ್ಲ.

ಇಂಥ ಪತ್ರಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಹಿಂದಿನವರಿಗೆ ಬರೆಯುವ ಓಲೆ. ನಮ್ಮ ಬಯಲು ವರ್ಷದಲ್ಲಿ ಐದು ತಿಂಗಳು ಅಣೆಕಟ್ಟೆಯ ಹಿನ್ನೀರಿನ ಅಡಿಯಲ್ಲಿ ಮಲಗಿರುತ್ತದೆ, ಏಳು ತಿಂಗಳು ಹುಲ್ಲು ಹೊದ್ದು ಮೇಲಿರುತ್ತದೆ. ನೀರು ಏರುವ ಹಿಂದಿನ ದಿನ ಊರಿನವರು ಪತ್ರ ಬರೆದು, ಮಣ್ಣಿನ ಗಡಿಗೆಯಲ್ಲಿಟ್ಟು, ಬಾಯಿಗೆ ಮೇಣ ಹಚ್ಚಿ ಬಯಲಿನಲ್ಲಿ ಹೂಳುತ್ತಾರೆ. ನೀರಿನ ಅಡಿಯಲ್ಲಿ ಕಾಲ ಹಿಂದಕ್ಕೆ ಹರಿಯುತ್ತದೆಂದು ಅವರ ನಂಬಿಕೆ. ನನಗೆ ಅದರಲ್ಲಿ ಅರ್ಧ ನಂಬಿಕೆ, ಅರ್ಧ ನಗು. ಅರವತ್ತೆಂಟು ವರ್ಷದಲ್ಲಿ ಒಂದು ಸಲವೂ ಬರೆದಿರಲಿಲ್ಲ. ನಾಳೆ ನೀರು ಬರುತ್ತದೆ, ಅದಕ್ಕೇ ಈಗ ಕುಳಿತಿದ್ದೇನೆ.

ನಮ್ಮ ಆಟ ನೀವು ಆಡುವ ಫುಟ್‌ಬಾಲೇ. ಹನ್ನೊಂದು ಹನ್ನೊಂದು ಜನ, ಗಂಡಸರೂ ಹೆಂಗಸರೂ ಕೂಡಿ. ಬಿಸಿಲು ಏರಿದ ಮೇಲೆ ಯಾರೂ ಮೈದಾನದಲ್ಲಿ ನಿಲ್ಲಲಾರರಾದ್ದರಿಂದ ಕೋಳಿ ಕೂಗುವಾಗ ಆಟ ಶುರುವಾಗಿ ಬಿಸಿಲು ಚುರುಕಾಗುವ ಮೊದಲು ಮುಗಿಯಬೇಕು. ಬಯಲಿನ ಸುತ್ತ ಮಂಜುಬಲೆ ಕಟ್ಟಿರುತ್ತೇವೆ. ಅದು ಜೇಡರ ಬಲೆಯಂಥ ಸಣ್ಣ ನೂಲಿನ ಪರದೆ, ರಾತ್ರಿಯ ಮಂಜನ್ನು ಹಿಡಿದು ಹನಿಹನಿಯಾಗಿ ಕೆಳಗಿನ ತೊಟ್ಟಿಗೆ ಇಳಿಸುತ್ತದೆ. ಆಟಗಾರರು ಕುಡಿಯುವುದು ಅದೇ ನೀರು. ಬೆಳಗಿನ ಮಬ್ಬಿನಲ್ಲಿ ಆಚೆ ಗೋಲು ಕಾಣುವುದಿಲ್ಲ. ಚೆಂಡು ಮಂಜಿನೊಳಗೆ ಹೋಗುತ್ತದೆ, ಕಾಲುಗಳ ಸದ್ದು ಕೇಳುತ್ತದೆ, ಆಮೇಲೆ ಎಲ್ಲಿಂದಲೋ ಜನರ ಹೋ ಎಂಬ ಕೂಗು ಬರುತ್ತದೆ. ಆಗ ಗೋಲಾಯಿತೆಂದು ತಿಳಿಯಬೇಕು. ಈ ಲೋಕದಲ್ಲಿ ಅದಕ್ಕಿಂತ ಚಂದದ್ದನ್ನು ನಾನು ಕಂಡಿಲ್ಲ.

ನಾನು ಸೀಟಿಯವ್ವ. ನಿಮ್ಮ ಕಾಲದಲ್ಲಿ ರೆಫರಿ ಎನ್ನುತ್ತಿದ್ದಿರಂತೆ. ನಲವತ್ತು ವರ್ಷ ಈ ಬಯಲಿನಲ್ಲಿ ಸೀಟಿ ಊದಿದ್ದೇನೆ. ನಾನು ಹುಡುಗಿಯಾಗಿದ್ದಾಗ ಆ ಕೆಲಸಕ್ಕೆ ಯಾರೂ ಬರುತ್ತಿರಲಿಲ್ಲ. ಸೀಟಿ ಊದಿದ ಕೂಡಲೇ ಹತ್ತು ಜನ ಸುತ್ತುಗಟ್ಟಿ, ಮೂಗಿನ ತುದಿಗೆ ಬೆರಳು ತಂದು, ಬಾಯಿಗೆ ಬಂದಂತೆ ಬೈಯುತ್ತಿದ್ದರು. ನನಗಿಂತ ಮುಂಚಿನ ಸೀಟಿಯಪ್ಪ ಒಂದು ಬೆಳಿಗ್ಗೆ ಆಟದ ನಡುವೆಯೇ ಸೀಟಿಯನ್ನು ಹುಲ್ಲಿನ ಮೇಲಿಟ್ಟು, ಮನೆಗೆ ಹೋಗಿ ಬಾಗಿಲು ಹಾಕಿಕೊಂಡ. ಎರಡು ವರ್ಷ ಬಯಲಿನಲ್ಲಿ ಆಟವೇ ಇರಲಿಲ್ಲ. ಆಗ ಹಿರಿಯರು ಹಳೆಯ ಕಾಗದಗಳನ್ನು ತಡಕಾಡಿ ನಿಮ್ಮ ಕಾಲದ ಉಪಾಯವೊಂದನ್ನು ಹುಡುಕಿ ತೆಗೆದರು. ತೀರ್ಪಿಗೆ ಎದುರಾಡಿದವನನ್ನು ಹತ್ತು ನಿಮಿಷ ಹೊರಗೆ ಕೂರಿಸುವುದು, ಆಮೇಲೆ ಒಳಗೆ ಕರೆಯುವುದು. ಓಡಿಸಿಬಿಡುವುದಲ್ಲ, ದಂಡ ಹಾಕುವುದಲ್ಲ, ಸುಮ್ಮನೆ ಕೂರಿಸುವುದು. ಎಂಥ ಒಳ್ಳೆಯ ಉಪಾಯ!

ಅದಕ್ಕೆ ನಮ್ಮವರು ತಮ್ಮದೇ ಒಗ್ಗರಣೆ ಹಾಕಿದರು. ಗೆರೆಯ ಹೊರಗೆ ಹೊಂಗೆಯ ಮರದ ಬುಡಕ್ಕೆ ಒಂದು ತಂಪುಕಟ್ಟೆ ಕಟ್ಟಿದರು. ಸೀಟಿಯವ್ವ ಎದುರಾಡಿದವರ ಕೈಗೆ ಒಂದು ಮುತ್ತುಗದ ಎಲೆ ಕೊಡುತ್ತಾಳೆ. ಎಲೆ ಬಂತೆಂದರೆ ಕಟ್ಟೆಗೆ ನಡೆಯಬೇಕು. ಅಲ್ಲಿ ನೀರಿನ ಹಂಡೆಯಲ್ಲಿ ತಳಕ್ಕೆ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ತೇಲಿಬಿಡುತ್ತಾರೆ, ಅದು ಹತ್ತು ನಿಮಿಷಕ್ಕೆ ಮುಳುಗುತ್ತದೆ. ಅಲ್ಲಿಯವರೆಗೆ ಕೂತವರು ಬಾಯಿ ತುಂಬ ನೀರು ಹಿಡಿದುಕೊಂಡಿರಬೇಕು. ನುಂಗುವಂತಿಲ್ಲ, ಉಗುಳುವಂತಿಲ್ಲ. ಬಟ್ಟಲು ಮುಳುಗಿದ ಮೇಲೆ ಆ ನೀರನ್ನು ಮರದ ಬುಡಕ್ಕೆ ಬಿಟ್ಟು ಆಟಕ್ಕೆ ಮರಳಬೇಕು. ಮೊದಲೇ ಚೆಲ್ಲಿದರೆ ಅವರ ಇಡೀ ತಂಡ ಆ ವರ್ಷ ಬಯಲಿಗೆ ಕಾಲಿಡುವಂತಿಲ್ಲ.

ಕೆನ್ನೆ ಉಬ್ಬಿಸಿಕೊಂಡು ಕೂತ ದಾಂಡಿಗರನ್ನು ನೋಡಿ ಊರೆಲ್ಲ ನಕ್ಕಿತು. ಅವರಿಗೂ ನಗು ಬಂದು, ನಕ್ಕರೆ ನೀರು ಚೆಲ್ಲೀತೆಂದು ಪಡುತ್ತಿದ್ದ ಪಾಡು ಹೇಳತೀರದು. ಆದರೆ ಉಪಾಯ ಹಿಡಿಯಿತು. ಎರಡೇ ವರ್ಷದಲ್ಲಿ ಬಯಲು ತಣ್ಣಗಾಯಿತು. ಹೆಣ್ಣುಮಕ್ಕಳು ಆಟಕ್ಕೆ ಬಂದರು, ಮುದುಕರು ನೋಡಲು ಬಂದರು, ಸೀಟಿ ಹಿಡಿಯಲು ನಾನು ಬಂದೆ. ನನ್ನ ಸೊಂಟದಲ್ಲಿ ಸದಾ ಐದಾರು ಎಲೆಗಳಿರುತ್ತಿದ್ದವು. ನನ್ನ ಕೈ ಸೊಂಟಕ್ಕೆ ಹೋದರೆ ಸಾಕು, ಬಾಯಿಗಳು ಮುಚ್ಚುತ್ತಿದ್ದವು. ಅದು ನನಗೆ ಹಿತವಾಗಿತ್ತು. ಬಹಳ ಹಿತವಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಈಗ ಹತ್ತೊಂಬತ್ತು ವರ್ಷದ ಹಿಂದಿನ ಒಂದು ಬೆಳಗಿನ ಮಾತು. ಆ ದಿನ ಮಂಜು ಬೇಗ ಹರಿಯಿತು, ಬಿಸಿಲು ಹೊತ್ತಿಗೆ ಮುಂಚೆಯೇ ಏರಿತು. ಆಟ ನಿಲ್ಲಿಸಬಹುದಿತ್ತು. ಇನ್ನು ಅರ್ಧ ಗಂಟೆ ತಾನೇ ಎಂದುಕೊಂಡೆ. ಮೇಲಿನ ಓಣಿಯ ತಂಡದಲ್ಲಿ ಕಸ್ತೂರಿ ಎಂಬ ಹುಡುಗಿ ಇದ್ದಳು, ಬಾಳವ್ವನ ಒಬ್ಬಳೇ ಮಗಳು, ಇಪ್ಪತ್ತು ವರ್ಷ. ಚೆಂಡು ಅವಳ ಕಾಲಿಗೆ ಸಿಕ್ಕರೆ ಸಾಕಿದ ಬೆಕ್ಕಿನ ಹಾಗೆ ಹಿಂದೆಯೇ ಬರುತ್ತಿತ್ತು. ಅವಳನ್ನು ಕಾಯಲು ಕೆಳಗಿನ ಓಣಿಯ ದಾವಲನನ್ನು ನಿಲ್ಲಿಸಿದ್ದರು. ನದಾಫರ ಮನೆಯ ಹುಡುಗ, ದೊಡ್ಡ ಗಂಟಲಿನವನು, ಮಾತುಮಾತಿಗೆ ತಕರಾರು ತೆಗೆಯುವವನು. ಆ ವರ್ಷ ಆಗಲೇ ಅವನಿಗೆ ನಾಲ್ಕು ಎಲೆ ಕೊಟ್ಟಿದ್ದೆ. ಕಸ್ತೂರಿ ಅವನ ಪಕ್ಕದಿಂದ ನುಸುಳಿ ಎರಡನೆಯ ಗೋಲು ಹೊಡೆದಳು. ಜನ ಕೂಗಿದರು. ಆಟ ಮತ್ತೆ ಶುರುವಾಗಿ ಸ್ವಲ್ಪ ಹೊತ್ತಿಗೆ ದಾವಲ್ ನನ್ನ ಕಡೆ ಓಡಿ ಬಂದು ಕೈ ಬೀಸಿ ಕಿರುಚಿದ: "ಆಟ ನಿಲ್ಲಸ್ರೀ ಅಕ್ಕಾರ! ಆಕಿನ್ನ ಒಮ್ಮೆ ನೋಡ್ರಿ, ನಿಲ್ಲಸ್ರೀ!"

ನಾನು ಅವಳನ್ನು ನೋಡಲಿಲ್ಲ, ಅವನನ್ನು ನೋಡಿದೆ. ಗೋಲು ತಿಂದ ಹೊಟ್ಟೆಯುರಿ ಎಂದುಕೊಂಡೆ. ಅವನ ದನಿ ಕೇಳಿದೆ, ಮಾತು ಕೇಳಲಿಲ್ಲ. ಕೈ ತಾನೇ ತಾನಾಗಿ ಸೊಂಟಕ್ಕೆ ಹೋಗಿ ಎಲೆ ತೆಗೆದು ಅವನ ಅಂಗೈಯಲ್ಲಿ ಇಟ್ಟಿತು. ದಾವಲ್ ಇನ್ನೇನೋ ಹೇಳಲು ಬಾಯಿ ತೆರೆದ. ನಾನು ಕಟ್ಟೆಯ ಕಡೆ ಬೆರಳು ತೋರಿಸಿದೆ. ಅವನ ತಂಡದವರೇ ಅವನ ರಟ್ಟೆ ಹಿಡಿದು ಕರೆದೊಯ್ದು, ಬಾಯಿಗೆ ನೀರು ಹಾಕಿ ಕೂರಿಸಿದರು.

ಆ ಹತ್ತು ನಿಮಿಷದಲ್ಲಿ ಅವನು ಎರಡು ಸಲ ಎದ್ದು ನಿಂತದ್ದನ್ನು ನಾನು ಕಂಡೆ. ಕೆನ್ನೆ ಉಬ್ಬಿತ್ತು, ಕಣ್ಣು ಕೆಂಪಾಗಿದ್ದವು, ಕೈ ಚಾಚಿ ಬಯಲಿನ ನಡುವೆ ತೋರಿಸುತ್ತಿದ್ದ. ಸುತ್ತಲಿದ್ದವರು ನಕ್ಕರು. ನಾನು ಮುಖ ತಿರುಗಿಸಿದೆ. ಕಸ್ತೂರಿ ಓಡುತ್ತಲೇ ಇದ್ದಳು, ಆದರೆ ಚೆಂಡು ಒಂದು ಕಡೆ, ಅವಳು ಇನ್ನೊಂದು ಕಡೆ. ಅವಳ ಮೈಯಲ್ಲಿ ಬೆವರು ಒಣಗಿಹೋಗಿತ್ತು, ಚರ್ಮ ಕೆಂಪಡರಿತ್ತು, ತನ್ನ ತಂಡದವರ ಗುರುತೂ ಹತ್ತದಂತೆ ಆಡುತ್ತಿದ್ದಳು. ಅವಳಿಗೆ ತಾಗಿಕೊಂಡೇ ಓಡುತ್ತಿದ್ದ ದಾವಲ್ ಒಬ್ಬನಿಗೇ ಅದು ಹತ್ತಿರದಿಂದ ಕಂಡಿತ್ತು. ಬಟ್ಟಲು ಅಂಚಿನವರೆಗೆ ತುಂಬುವ ಹೊತ್ತಿಗೆ ಅವಳು ನೆಲಕ್ಕೆ ಬಿದ್ದಳು.

ಮೊದಲು ಓಡಿದವಳು ನಾನೇ. ಸೆರಗು ತೋಯಿಸಿ ಅವಳ ತಲೆಗೆ ಹಾಕಿ, ತೊಡೆಯ ಮೇಲೆ ಮಲಗಿಸಿಕೊಂಡೆ. ಕೆಂಡ ಮುಟ್ಟಿದಂತೆ ಸುಡುತ್ತಿದ್ದಳು. ಅಷ್ಟರಲ್ಲಿ ಬಟ್ಟಲು ಮುಳುಗಿತು. ದಾವಲ್ ಬಾಯಿಯ ನೀರನ್ನು ರೂಢಿಯಂತೆ ಮರದ ಬುಡಕ್ಕೆ ಬಿಟ್ಟು, ಓಡಿ ಬಂದು ನನ್ನೆದುರು ಮಂಡಿಯೂರಿದ. ಬೈಯಲಿಲ್ಲ, ಕೂಗಲಿಲ್ಲ. ಅಷ್ಟು ದೊಡ್ಡ ಗಂಟಲಿನವನು ಮಗುವಿನಂಥ ದನಿಯಲ್ಲಿ ಕೇಳಿದ: "ಅಕ್ಕಾರ, ಈಗ ಮಾತಾಡ್ಲೇನ್ರಿ?"

ಕಸ್ತೂರಿ ಮೂರನೆಯ ದಿನ ತೀರಿಕೊಂಡಳು. ವೈದ್ಯರು ನನ್ನೊಬ್ಬಳಿಗೇ ಕೇಳಿಸುವಂತೆ, "ಒಂದ್ ಹತ್ತ ನಿಮಿಷ ಮೊದ್ಲ ನೆರಳಿಗೆ ತಂದಿದ್ರ ಉಳೀತಿದ್ಲವ್ವಾ" ಎಂದರು. ಊರಿನ ಪುಸ್ತಕದಲ್ಲಿ ಬಿಸಿಲು ಬಡಿದು ಸಾವು ಎಂದು ಬರೆದರು. ನಾನು ಸಹಿ ಮಾಡಿದೆ. ದಾವಲ್ ಆಟ ಬಿಟ್ಟ. ಈಗ ಮಂಜುಬಲೆಗಳ ಹರುಕು ಹೊಲಿಯುತ್ತಾನೆ, ಎದುರಾದರೆ ತಲೆ ಬಾಗಿಸಿ ನಡೆದುಬಿಡುತ್ತಾನೆ. ಈ ಹತ್ತೊಂಬತ್ತು ವರ್ಷ ಅವನು ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ, ಅವನನ್ನು ಕೇಳಿದವರೂ ಇಲ್ಲ. ಬಾಳವ್ವನಂತೂ ತನ್ನ ಮಗಳನ್ನು ಕೊನೆಗೆ ಮಡಿಲಲ್ಲಿ ಹಾಕಿಕೊಂಡವಳು ನಾನೆಂದು ಪ್ರತಿ ಸುಗ್ಗಿಗೂ ನನಗೆ ಕಟಕ ರೊಟ್ಟಿ, ಗುರೆಳ್ಳು ಚಟ್ನಿ ಕಟ್ಟಿ ಕಳಿಸುತ್ತಾಳೆ. "ನೀ ಇದ್ದಿ ಅಂತ ನನ್ನ ಕೂಸಿಗೆ ಒಂದ್ ತೊಡಿ ಸಿಕ್ತವ್ವಾ" ಎಂದು ನನ್ನ ಕೈ ಹಿಡಿದುಕೊಳ್ಳುತ್ತಾಳೆ. ಆ ರೊಟ್ಟಿಯನ್ನು ನಾನು ತಿಂದಿದ್ದೇನೆ. ಹತ್ತೊಂಬತ್ತು ಸುಗ್ಗಿ ತಿಂದಿದ್ದೇನೆ.

ಈಗೇಕೆ ಬರೆಯುತ್ತಿದ್ದೇನೆಂದರೆ, ಬಯಲು ತಣ್ಣಗಾದದ್ದನ್ನು ಕಂಡ ಹಿರಿಯರು ಆ ಬಟ್ಟಲನ್ನು ಊರಸಭೆಗೂ ತರಬೇಕೆಂದು ನಿಶ್ಚಯಿಸಿದ್ದಾರೆ. ಸಭೆಯ ತೀರ್ಮಾನಕ್ಕೆ ಎದುರು ಮಾತಾಡಿದವರು ಇನ್ನು ಮುಂದೆ ಬಾಯಲ್ಲಿ ನೀರು ಹಿಡಿದು ಕೂರಬೇಕು. ಊರಗೌಡರು ನಿನ್ನೆ ಮನೆಗೆ ಬಂದು, "ನೀಲಕ್ಕಾರ, ನಾಳಿನ ಸಭಾದಾಗ ಮೊದಲನೇ ಎಲಿ ನಿಮ್ಮ ಕೈಲೇ ಕೊಡಸ್ಬೇಕಂತ ಎಲ್ಲಾರೂ ಅಂತಾರ್ರೀ" ಎಂದು ಮರ್ಯಾದೆಯಿಂದ ಕರೆದು ಹೋದರು. ಒಳ್ಳೆಯ ಜನ ಅವರು. ಯಾರ ಬಾಯನ್ನೂ ಕಟ್ಟುವ ದುರುದ್ದೇಶ ಅವರಿಗಿಲ್ಲ. ಗದ್ದಲ ಬೇಡ ಎಂಬುದಷ್ಟೇ ಅವರ ಆಸೆ. ನನಗೂ ಬೇಕಾಗಿದ್ದದ್ದು ಅಷ್ಟೇ.

ನೀವು ಆ ಕಾಲದಲ್ಲಿ ಈ ನಿಯಮವನ್ನು ಇನ್ನೂ ಪರೀಕ್ಷೆಗೆ ಹಚ್ಚುತ್ತಿದ್ದೀರಿ ಎಂದು ಓದಿದ್ದೇನೆ. ಬಿಡಿ ಎಂದು ನಾನು ಹೇಳುವುದಿಲ್ಲ. ಸೀಟಿ ಹಿಡಿದವರ ಪಾಡು ನನಗೆ ಗೊತ್ತು. ಬೈದವರನ್ನು ಕೂರಿಸಿ, ಹತ್ತು ನಿಮಿಷ ಏಕೆ, ಹದಿನೈದು ಕೂರಿಸಿ. ನನ್ನದೊಂದೇ ಬೇಡಿಕೆ. ಹೊರಗೆ ಕಳಿಸುವ ಮೊದಲು, ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು, ಏನಪ್ಪಾ ಹೇಳುತ್ತಿದ್ದೀ ಎಂದು ಕೇಳಿ. ಕೇಳಿ ಆಮೇಲೆ ಕಳಿಸಿ. ಹತ್ತರಲ್ಲಿ ಒಂಬತ್ತು ಸಲ ಅವನು ನಿಮ್ಮನ್ನು ಬೈಯುತ್ತಲೇ ಇರುತ್ತಾನೆ. ಬೈಸಿಕೊಳ್ಳಿ. ಉಳಿದ ಆ ಒಂದು ಸಲಕ್ಕಾಗಿ ಬೈಸಿಕೊಳ್ಳಿ.

ಇನ್ನು ಗಡಿಗೆಯ ಬಾಯಿ ಮುಚ್ಚಬೇಕು. ಸಭೆ ಸೇರಲು ಒಂದು ತಾಸಿದೆ. ಅಲ್ಲಿ ನಾನು ಎಲೆ ಕೊಡುವುದಿಲ್ಲ, ದಾವಲ್ ಅಂದು ಏನು ಹೇಳಲು ಬಂದಿದ್ದನೆಂದು ಅವನ ಎದುರಿನಲ್ಲೇ ಎಲ್ಲರಿಗೂ ಹೇಳುತ್ತೇನೆ. ಆದರೆ ಅದು ಆಮೇಲಿನ ಮಾತು. ಊರು ಕೇಳುವ ಮೊದಲು ಅವಳು ಕೇಳಬೇಕು. ಇಲ್ಲಿಂದ ನೇರವಾಗಿ ಬಾಳವ್ವನ ಮನೆಗೆ ಹೋಗುತ್ತಿದ್ದೇನೆ. ನಿನ್ನ ಮಗಳನ್ನು ಉಳಿಸಲು ಒಬ್ಬ ಬಂದಿದ್ದ, ಅವನ ಬಾಯಿ ಮುಚ್ಚಿಸಿದವಳು ನಾನು ಎಂದು ಹೇಳುತ್ತೇನೆ. ಹೇಳಿ ಮುಗಿಸಿದ ಮೇಲೆ ಅವಳು ಬೈಯಬಹುದು, ಎದೆ ಬಡಿದುಕೊಂಡು ಅಳಬಹುದು, ನನ್ನ ಮೇಲೆ ಕೈ ಮಾಡಲೂಬಹುದು. ನಾನು ನಿಂತು ಕೇಳುತ್ತೇನೆ. ಎಷ್ಟು ಹೊತ್ತಾದರೂ ಸರಿ, ಅವಳು ಸಾಕು ಎನ್ನುವವರೆಗೆ ನಿಂತು ಕೇಳುತ್ತೇನೆ.