ಒಣಗಿದ ಬಾಯಿಯನ್ನೂ ಪಾಠಕ್ಕೆ ಸೇರಿಸಿ

ವೈದ್ಯರ ತರಬೇತಿ ಮಂಡಳಿಯ ಅಧ್ಯಕ್ಷರೇ,

ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಕೊಡಲು ಕಲಿಯುವ ಕಿರಿಯ ವೈದ್ಯರು ನಿಮ್ಮ ಕೃಪೆಯಿಂದ ಎಲ್ಲವನ್ನೂ ಓದುತ್ತಾರೆ. ತಾವೇ ಚಿಕಿತ್ಸೆ ಕೊಟ್ಟ ರೋಗಿಗಳು ವರ್ಷ ಕಳೆದ ಮೇಲೆ ಹೇಗಿದ್ದಾರೆ ಎಂಬುದೊಂದನ್ನು ಮಾತ್ರ ನೋಡುವುದಿಲ್ಲ. ಅಷ್ಟರಲ್ಲಿ ನೀವು ಈ ಕಿರಿಯರನ್ನು ಬೇರೆ ಆಸ್ಪತ್ರೆಗೆ ಅಟ್ಟಿರುತ್ತೀರಿ. ಅಡುಗೆ ಕಲಿಯುವವರಿಗೂ ರುಚಿ ನೋಡಿ ಎನ್ನುತ್ತೇವಲ್ಲ ಸ್ವಾಮಿ, ಇವರಿಗೇಕೆ ಆ ಭಾಗ್ಯವಿಲ್ಲ?

ನನ್ನ ಅಕ್ಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು. ಗಂಟಲಿನ ಕ್ಯಾನ್ಸರ್ ವಾಸಿಯಾಯಿತು, ಅದಕ್ಕೆ ನಾವು ಋಣಿಗಳು. ಆದರೆ ವಿಕಿರಣಕ್ಕೆ ಬಾಯಲ್ಲಿ ಜೊಲ್ಲು ಬತ್ತಿಹೋಯಿತು. ಒಂದು ಮಾತಿಗೆ ಒಂದು ಗುಟುಕು ನೀರು. "ನನ್ನ ಬಾಯಿ ಮುಚ್ಚಿಸೋಕೆ ನಿಮ್ಮ ಭಾವನಿಗೆ ಇಡೀ ಜನ್ಮ ಸಾಲಲಿಲ್ಲ. ಆ ಮೆಷಿನ್ನು ಹೇಗೆ ಮುಚ್ಚಿಸ್ತು ನೋಡು" ಎಂದು ಅವಳೇ ನಗುತ್ತಾಳೆ. ನಗುವುದಕ್ಕೂ ನೀರು ಬೇಕು.

ಆ ಯಂತ್ರವನ್ನು ಉದ್ಘಾಟಿಸುವಾಗ ನಿಮ್ಮ ಹಿಂದಿನ ಅಧ್ಯಕ್ಷರು, ಇನ್ನು ಕೂದಲೆಳೆಯಷ್ಟೂ ಗುರಿ ತಪ್ಪದು ಎಂದದ್ದು ನನಗೆ ನೆನಪಿದೆ. ನಿಜ, ತಪ್ಪಲಿಲ್ಲ. ಕಿರಣ ಎಲ್ಲಿ ಬೀಳಬೇಕು, ಯಾವುದನ್ನು ಉಳಿಸಬೇಕು ಎಂದು ಸ್ಕ್ಯಾನ್ ಚಿತ್ರದ ಮೇಲೆ ಕಿರಿಯ ವೈದ್ಯೆಯೊಬ್ಬಳು ಒಂಟಿಯಾಗಿ ಕೂತು ಗೆರೆ ಎಳೆದಳು. ಜೊಲ್ಲುಗ್ರಂಥಿಗಳ ಬಹುಭಾಗ ರಕ್ಷಣೆಯ ಗೆರೆಯ ಹೊರಗುಳಿಯಿತು. ಹಿರಿಯರು ಒಂದು ಸಭೆಯಿಂದ ಇನ್ನೊಂದಕ್ಕೆ ಓಡುವ ನಡುವೆ ಒಪ್ಪಿಗೆ ಕೊಟ್ಟರು. ಯಂತ್ರ ಗೆರೆಗೆ ನಿಷ್ಠೆಯಿಂದ ನಡೆದುಕೊಂಡಿತು. ಇಡೀ ವಿಭಾಗದಲ್ಲಿ ಕರ್ತವ್ಯ ಮಾಡಿದ್ದು ಅದೊಂದೇ.

ಇದು ನಮಗೆ ತಿಳಿದದ್ದೂ ಆಕಸ್ಮಿಕ. ಬೇರೆ ಆಸ್ಪತ್ರೆಗಳನ್ನು ತಿರುಗಿ, ಪರೀಕ್ಷೆ ಬರೆಯಲು ಮರಳಿದ್ದ ಆ ವೈದ್ಯೆ ಆಸ್ಪತ್ರೆಯ ಕಾರಿಡಾರಿನಲ್ಲಿ ಎದುರಾದಳು. ಅಕ್ಕ ಬಾಯಿ ತೆರೆದು ತೋರಿಸಿದಳು. ಹುಡುಗಿ ಒಳಗೆ ಹೋಗಿ, ಹಳೆಯ ಚಿತ್ರಗಳನ್ನು ನೋಡಿ, ಮುಖ ಬಾಡಿಸಿಕೊಂಡು ಬಂದಳು.

"ಗೆರೆ ಎಳೆದಿದ್ದು ನಾನೇ ಅಮ್ಮ. ಪಕ್ಕದಲ್ಲಿ ಕೂತು ಹೇಳಿಕೊಡೋರು ಯಾರೂ ಇರಲಿಲ್ಲ. ಬಾಯಿ ಹೀಗೆ ಒಣಗುತ್ತೆ ಅಂತ ಓದಿದ್ದೆ, ನೋಡಿರಲಿಲ್ಲ."

ಅಕ್ಕ ಒಂದು ಗುಟುಕು ಕುಡಿದಳು. "ಈಗ ಸರಿಯಾಗಿ ನೋಡ್ಕೋ ಮಗಳೇ. ಪರೀಕ್ಷೆಗೆ ಬರಲ್ಲ, ಆದ್ರೂ ನೋಡ್ಕೋ."

ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ನಾಳೆ ಅವಳೇ ಹಿರಿಯಳಾಗಿ ಸಭೆಗೆ ಓಡುತ್ತಾಳೆ ಎಂಬುದೇ ಭಯ. ಆದ್ದರಿಂದ, ಗೆರೆ ಎಳೆಯುವಾಗ ಹಿರಿಯರೊಬ್ಬರು ಪಕ್ಕದ ಕುರ್ಚಿಯಲ್ಲಿ ಕೂರುವುದನ್ನು ಕಡ್ಡಾಯ ಮಾಡಿ. ಎಳೆದವರು ಎಲ್ಲಿಗೇ ವರ್ಗವಾಗಿದ್ದರೂ, ಅವರ ರೋಗಿ ಮರುತಪಾಸಣೆಗೆ ಬಂದ ದಿನ ಅಲ್ಲಿರಲಿ. ಮುಂದಿನ ತಂಡಕ್ಕೆ ಮೊದಲ ಪಾಠ ಮಾಡಲು ಅಕ್ಕ ಒಪ್ಪಿದ್ದಾಳೆ. ಹಾರ ಬೇಡ, ಭಾಷಣವೂ ಬೇಡ. ಮೇಜಿನ ಮೇಲೆ ಒಂದು ಜಗ್ ನೀರಿಡಿ. ಅವಳು ಬಾಯಿ ತೆರೆದು ಕೂರುತ್ತಾಳೆ. ಪಾಠ ಅಷ್ಟೇ.

ಇಂತಿ,
ನೀರಿನ ಬಾಟಲಿ ಹಿಡಿದು ಅಕ್ಕನ ಹಿಂದೆ ನಡೆಯುವ ತಮ್ಮ