ಒಣಗುವ ಮುನ್ನ ಮುಟ್ಟಿದ್ದು

ಪ್ರೀತಿಯ ನಿಧಾನಿ,

ನಾಲ್ಕು ಗಂಟೆಗೆ ನಮ್ಮ ಚಿತ್ರ ಒಯ್ಯಲು ಚೌಕಟ್ಟಿನವರು ಬರುತ್ತಾರೆ. ಈಗ ಎರಡೂಕಾಲು. ಮಗಳು ಒಳಗೆ ಮಲಗಿದ್ದಾಳೆ. ಅವಳು ಏಳುವುದರೊಳಗೆ, ಅವರು ಬಾಗಿಲು ತಟ್ಟುವುದರೊಳಗೆ ಈ ಕಾಗದ ಮುಗಿಯಬೇಕು. ಚಿತ್ರದ ಹಿಂಬದಿಗೆ ಸಿಕ್ಕಿಸಿ ಕಳಿಸುತ್ತೇನೆ. ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಹೋಗಿ ಅವಳ ಮೂಗಿನ ಕೆಳಗೆ ಬೆರಳಿಟ್ಟು ನೋಡಿ ಬಂದೆ. ಚೆನ್ನಾಗಿಯೇ ಉಸಿರಾಡುತ್ತಿದ್ದಾಳೆ. ಉಸಿರು ಕಟ್ಟುತ್ತಿರುವುದು ನನಗೆ.

ನಗಬೇಡ. ಏಳು ತಿಂಗಳಿಂದ ನಾನು ಒಂದು ಗಂಟೆ ಒಟ್ಟಿಗೆ ನಿದ್ದೆ ಮಾಡಿದವಳಲ್ಲ. "ಹೀಗೇ ಮುಟ್ಟಿ ಮುಟ್ಟಿ ನೋಡ್ತಿದ್ರೆ ಮಗು ನಿನ್ನ ಬೆರಳನ್ನೂ ತನ್ನ ಮೂಗು ಅಂದ್ಕೊಳ್ಳತ್ತೆ ಕಣೇ" ಎನ್ನುತ್ತಾಳೆ ಅಮ್ಮ. ಇವರಂತೂ, "ಮಲಗಿರೋರನ್ನ ಎಬ್ಬಿಸಿ ನಿದ್ದೆ ಬಂತಾ ಅಂತ ಕೇಳೋಳು ನೀನೊಬ್ಳೇ" ಎಂದು ಕೈ ಮುಗಿದುಬಿಟ್ಟಿದ್ದಾರೆ. ನಿನಗೆ ಇದು ಹೊಸದೇನಲ್ಲ. ನಾವಿಬ್ಬರೂ ಕೂಡಿ ಬರೆದ ಹನ್ನೊಂದು ಚಿತ್ರಗಳಲ್ಲೂ ಎಲ್ಲಾದರೂ ಒಂದು ಕಡೆ ನನ್ನ ಬೆರಳಿನ ಗುರುತು ಇದೆಯಲ್ಲ, ಬಣ್ಣ ಒಣಗಿತೇ ಎಂದು ಒತ್ತಿ ನೋಡಿದ್ದು!

ಬೈಂಡಿಂಗ್ ಅಂಗಡಿಯ ಮೇಲಿನ ಆ ಕೋಣೆ ನೆನಪಾಗುತ್ತದೆ. ಕೆಳಗಿನಿಂದ ಗೋಂದಿನ ವಾಸನೆ, ನಮ್ಮದು ಟರ್ಪೆಂಟೈನ್ ವಾಸನೆ. ಒಂದೇ ಕ್ಯಾನ್ವಾಸು, ಎರಡು ಕುರ್ಚಿ. ಹೂವು ನನ್ನದು, ಹಣ್ಣು ನಿನ್ನದು. ಗುಲಾಬಿ ಮೂರನೇ ದಿನಕ್ಕೆ ತಲೆ ಬಗ್ಗಿಸುತ್ತದೆಂದು ನಾನು ಊಟ ಬಿಟ್ಟು ಓಡುತ್ತಿದ್ದೆ. ನೀನು ಸೇಬಿನ ಮುಂದೆ ಕೂತು ಉಗುರು ನೋಡಿಕೊಳ್ಳುತ್ತಿದ್ದೆ. "ಹೂವು ಸಾಯತ್ತೆ, ನೀನು ಓಡು, ಗಡಿಬಿಡಿ. ನನ್ನ ಸೇಬೇನೂ ಬಸ್ಸು ಹಿಡೀಬೇಕಾಗಿಲ್ಲ." ಆ ಹೆಸರು ಆ ಕೋಣೆಯಲ್ಲೇ ನನಗೆ ಅಂಟಿದ್ದು.

ಕೊನೆಯ ಚಿತ್ರಕ್ಕೆ ನೀನು ಬೇಕೆಂದೇ ಪೆಟ್ಟು ಬಿದ್ದ ಸೇಬನ್ನು ಆರಿಸಿದೆ. ಹೆಬ್ಬೆರಳಷ್ಟು ಅಗಲದ ಕಂದು ಗಾಯ. ಗಾಯವನ್ನು ಆಚೆಗೆ ತಿರುಗಿಸಿ ಇಡು ಎಂದೆ ನಾನು. ನೀನು "ಗಾಯ ಇಲ್ದಿದ್ರೆ ಅದು ಮೇಣದ ಹಣ್ಣು" ಎಂದು ಗಾಯವನ್ನೇ ಕಿಟಕಿಯ ಬೆಳಕಿಗೆ ತಿರುಗಿಸಿದೆ. ಮೂರು ದಿನ ನೀನು ಅದೊಂದನ್ನೇ ಬರೆದೆ. ಆಮೇಲೆ ದೂರದ ಊರಿನ ಕೆಲಸಕ್ಕೆ ಹೊರಟೆ. ಮೆಟ್ಟಿಲ ಮೇಲೆ ನಿಂತು ಹೇಳಿದ್ದು ಇಷ್ಟೇ: "ದಪ್ಪಗೆ ಹಾಕಿದೀನಿ, ಎಣ್ಣೆ ಜಾಸ್ತಿ. ತಿಂಗಳುಗಟ್ಟಲೆ ಬೇಕು. ಮುಟ್ಟಬೇಡ."

ಮಾರನೆಯ ದಿನ ನಾನು ಆಸ್ಪತ್ರೆಗೆ ಹೋಗಿದ್ದೆ. ಆಗ ನಾನು ಐದು ತಿಂಗಳ ಬಸುರಿ. ಸ್ಕ್ಯಾನಿನ ಪರದೆಯ ಮೇಲೆ ಮಗುವಿನ ಎದೆ ಪುಟಪುಟ ಬಡಿಯುತ್ತಿತ್ತು. ಅದರ ನಡುವೆ ಸಾಸಿವೆಯಷ್ಟು ಬಿಳಿ ಚುಕ್ಕೆ. "ಎಷ್ಟೋ ಮಕ್ಕಳಲ್ಲಿ ಕಾಣತ್ತೆ, ಏನೂ ಇರಲ್ಲ. ಮುಂದಿನ ತಿಂಗಳು ಇನ್ನೊಂದ್ಸಲ ನೋಡೋಣ" ಎಂದರು ಡಾಕ್ಟರು. ಅವರು ಹೇಳಿದ್ದರಲ್ಲಿ ನನ್ನ ಕಿವಿಗೆ ಬಿದ್ದದ್ದು 'ಇನ್ನೊಂದ್ಸಲ' ಎಂಬುದೊಂದೇ. ಅಮ್ಮನಿಗೆ ಹೇಳಲಿಲ್ಲ, ಇವರಿಗೆ ಹೇಳಲಿಲ್ಲ. ಹೇಳಬಹುದಾಗಿದ್ದವಳು ನೀನು. ನೀನು ರೈಲಿನಲ್ಲಿದ್ದೆ.

ಮನೆಗೆ ಹೋಗದೆ ನೇರ ಕೋಣೆಗೆ ಹೋದೆ. ನಿನ್ನ ಸೇಬು ನನ್ನನ್ನೇ ನೋಡುತ್ತಿತ್ತು. ನಿಧಾನಿ, ನಾನು ಆ ಗಾಯವನ್ನು ಮುಚ್ಚಿಬಿಟ್ಟೆ. ಕೆಂಪು, ಹಳದಿ ಕಲಸಿ, ಬೇಗ ಒಣಗಲೆಂದು ಟರ್ಪೆಂಟೈನ್ ಸುರಿದು ನೀರಾಗಿಸಿ, ನಿನ್ನ ಹಸಿ ಬಣ್ಣದ ಮೇಲೆಯೇ ಬಳಿದೆ. ನಮಗೆ ಚಿತ್ರ ಕಲಿಸಿದ ಮೇಷ್ಟ್ರು ಮೊದಲ ದಿನವೇ ಮೇಜು ಗುದ್ದಿ ಹೇಳಿದ್ದರಲ್ಲ, "ಎಣ್ಣೆ ಕುಡಿದಿರೋದರ ಮೇಲೆ ತೆಳು ಬಣ್ಣ ಹಾಕಿದ್ರೆ ಇವತ್ತಲ್ಲ ನಾಳೆ ಬಿರಿಯತ್ತೆ, ಬರ್ಕೊಳ್ಳಿ!" ಬರೆದುಕೊಂಡಿದ್ದೆ. ಕೆಳಗೆ ಗೆರೆಯನ್ನೂ ಎಳೆದಿದ್ದೆ. ಆ ದಿನ ಅದಾವುದೂ ತಲೆಯಲ್ಲಿರಲಿಲ್ಲ. ಸಂಜೆಯ ಹೊತ್ತಿಗೆ ಸೇಬು ನುಣ್ಣಗೆ ಹೊಳೆಯುತ್ತಿತ್ತು. ಏನೋ ಒಂದನ್ನು ಸರಿಮಾಡಿದೆ ಅನ್ನಿಸಿತು.

ಮುಂದಿನ ತಿಂಗಳು ನೋಡಿದರು, ಏನೂ ಇರಲಿಲ್ಲ. ಮಗಳು ಹುಟ್ಟಿ, ಅತ್ತು, ಮನೆಯನ್ನೇ ತಲೆಯ ಮೇಲೆ ಹೊತ್ತಳು. ನಾನು ಮಾತ್ರ ಆ ಪರದೆಯ ಮುಂದಿನಿಂದ ಇನ್ನೂ ಎದ್ದಿಲ್ಲ. ಇವತ್ತಿನವರೆಗೆ ಕುಂಚವನ್ನೂ ಮುಟ್ಟಿರಲಿಲ್ಲ. ಚಿತ್ರ ಈ ಮನೆಗೆ ಬಂದು ಕಪಾಟಿನ ಹಿಂದೆ ಗೋಡೆಗೆ ಮುಖ ಮಾಡಿ ಕೂತಿತ್ತು.

ಕಳೆದ ವಾರ ನಿನ್ನ ಕಾಗದ ಬಂತು. ನಿನ್ನ ಮೊದಲ ಪ್ರದರ್ಶನ, ಬಾಗಿಲ ಎದುರಿಗೆ ಅದೇ ಚಿತ್ರ ಇರಬೇಕು. 'ಇಷ್ಟು ವರ್ಷದಲ್ಲಿ ನಾನು ನಿಜವಾಗಿ ನೋಡಿ ಬರೆದದ್ದು ಆ ಗಾಯವೊಂದೇ' ಎಂದು ನೀನು ಬರೆದಿದ್ದೆ. ನಾನು ಕಪಾಟು ಸರಿಸಿ ಚಿತ್ರ ತಿರುಗಿಸಿದೆ. ನನ್ನ ಗುಲಾಬಿಗಳು ಸುಖವಾಗಿದ್ದವು. ಸೇಬು ಬಿರಿದಿತ್ತು. ಒಣ ಕೆರೆಯಂತೆ ಬಿರುಕು, ಬಿರುಕಿನೊಳಗಿಂದ ನಿನ್ನ ಕಂದು ಬಣ್ಣ ಇಣುಕುತ್ತಿತ್ತು.

ಇವತ್ತು ಬೆಳಿಗ್ಗೆ ಎಲ್ಲವನ್ನೂ ಮತ್ತೆ ಮುಚ್ಚಿಬಿಡೋಣವೆಂದು ಕೂತೆ. ಬಣ್ಣ ಹೊಂದಿಸಲು ಅಡುಗೆಮನೆಯಿಂದ ಒಂದು ಸೇಬು ತಂದಿಟ್ಟೆ. ಕಲಸಿದೆ. ಅಷ್ಟು ದಿನ ಬಿಟ್ಟಿದ್ದರೂ ಬಣ್ಣ ಮೊದಲ ಸಲಕ್ಕೇ ಕೂಡಿಕೊಂಡಿತು. ಹತ್ತು ನಿಮಿಷದ ಕೆಲಸ. ಪ್ರದರ್ಶನ ಮುಗಿಯುವವರೆಗೂ ನಿಲ್ಲುತ್ತಿತ್ತು, ಗಾಯ ಕಾಣದಿರುವುದು ಬೆಳಕಿನ ದೋಷವೆಂದು ನಿನಗೂ ಏನಾದರೂ ಹೇಳಬಹುದಿತ್ತು. ತೊಡೆಯ ಮೇಲಿದ್ದ ಮಗಳು ಅಷ್ಟರಲ್ಲಿ ಸೇಬನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಗೆ ಒತ್ತಿಕೊಂಡಿದ್ದಳು. ಕಿತ್ತುಕೊಂಡು ನೋಡಿದೆ. ಸಿಪ್ಪೆಯ ಮೇಲೆ ಅಕ್ಕಪಕ್ಕ ಎರಡು ಪುಟ್ಟ ಹಲ್ಲಿನ ಗುರುತು. ನೋಡುತ್ತಿದ್ದಂತೆಯೇ ಅವು ಕಂದಾಗತೊಡಗಿದವು.

ಅವಳಿಗೆ ಹಲ್ಲು ಬಂದಿರುವುದೇ ನನಗೆ ಗೊತ್ತಿರಲಿಲ್ಲ. ದಿನಕ್ಕೆ ನೂರು ಸಲ ಮೂಗು ಮುಟ್ಟುವವಳು ಬಾಯಿಯನ್ನು ನೋಡಿರಲಿಲ್ಲ.

ಕಲಸಿದ ಬಣ್ಣವನ್ನು ನಿನ್ನ ಸೇಬಿಗೆ ಹಾಕಲಿಲ್ಲ. ಅವಳನ್ನು ಮಲಗಿಸಿ, ಒಂದು ಚೂರು ಹಲಗೆಯ ಮೇಲೆ ಎದುರಿಗಿದ್ದ ಸೇಬನ್ನೇ ಬರೆದೆ, ಎರಡು ಗುರುತಿನ ಸಮೇತ. ಹಣ್ಣು ನನ್ನ ಪಾಲಿನದಲ್ಲ, ಗೊತ್ತು. ದುಂಡಗೆ ಬರಲೇ ಇಲ್ಲ, ಆಲೂಗಡ್ಡೆಯಂತಿದೆ.

ದೊಡ್ಡ ಚಿತ್ರವನ್ನು ಬಿರುಕಿನೊಂದಿಗೆ ಹಾಗೇ ಕಳಿಸುತ್ತಿದ್ದೇನೆ. ಜೊತೆಗಿಟ್ಟ ಹೊಲಿದ ಬಟ್ಟೆಯ ಚೀಲದಲ್ಲಿ ನೀನು ಬಿಟ್ಟುಹೋದ, ಬಣ್ಣ ಕೆರೆಯುವ ಸಣ್ಣ ಚಾಕು ಇದೆ. ಮೇಲಿನ ಪದರ ಕೆರೆದರೆ ಬರುತ್ತದೆ, ಕೆಳಗೆ ನಿನ್ನದು ಎಷ್ಟು ಉಳಿದಿದೆಯೋ ನನಗೆ ತಿಳಿಯದು. ಕೆರೆಯುವ ಧೈರ್ಯ ನನಗಿಲ್ಲ, ಆ ಹಕ್ಕೂ ಇಲ್ಲ. ಸಿಟ್ಟು ಬಂದರೆ ಬೈದು ಬರೆ. ಬರೆಯದೆ ಇರಬೇಡ, ಅದನ್ನು ನಾನು ತಡೆಯಲಾರೆ.

ಒಳಗೆ ಎದ್ದಳು. ಕೆಳಗೆ ಗಾಡಿ ನಿಂತ ಸದ್ದೂ ಆಯಿತು. ನನ್ನ ಆಲೂಗಡ್ಡೆಯನ್ನು ಈಗ ಕಳಿಸುವಂತಿಲ್ಲ, ಹಸಿ ಇದೆ. ಒಣಗುವವರೆಗೂ ಮುಟ್ಟುವುದಿಲ್ಲವೆಂದು ಆಣೆ ಮಾಡುತ್ತಿದ್ದೆ, ಆದರೆ ಈಗಾಗಲೇ ಒಂದು ಸಲ ಮುಟ್ಟಿಯಾಗಿದೆ.

ನಿನ್ನ ಕಿಟಕಿಗೆ ಒಳ್ಳೆಯ ಬೆಳಕು ಬೀಳಲಿ, ನಿನ್ನ ಹಣ್ಣುಗಳಿಗೆ ಎಂದೂ ಅವಸರವಾಗದಿರಲಿ.

ಹೆಬ್ಬೆರಳಿಗೆ ಕೆಂಪು ಅಂಟಿಸಿಕೊಂಡ,
ನಿನ್ನ ಗಡಿಬಿಡಿ